ಅಸಲಿ ನಿನಗೆ, ನಕಲಿ ನನಗೆ

ಅಥವಾ ಆ ದಿನ ಮಳೆಯೇ ಇರಲಿಲ್ಲವೇನೋ. ಕೊಣನೂರಿನ ಸಂತೆಯನ್ನು ನೆನೆದಾಗಲೆಲ್ಲ ನೀಲಿ ಟಾರ್ಪಾಲಿನ ಮೇಲೆ ನೀರು ಬೀಳುವ ಸದ್ದು ಕೇಳಿಸುತ್ತದೆ. ಆದರೆ ಆ ಸದ್ದನ್ನು ನಾನು ಬೇರೆ ಯಾವುದೋ ಸಂತೆಯಿಂದ ತಂದು ಅಲ್ಲಿಗೆ ಜೋಡಿಸಿರಬಹುದು. ಆ ವರ್ಷದ ನಾಲ್ಕು ತಿಂಗಳಲ್ಲಿ ಎಷ್ಟು ಸಂತೆ ಸುತ್ತಿದೆವು! ಹೊಳೆನರಸೀಪುರ, ಅರಕಲಗೂಡು, ಬಾಗೂರು, ಕೊಣನೂರು, ಚನ್ನರಾಯಪಟ್ಟಣ. ಯಾವ ಊರಿನ ಸಂತೆ ಯಾವ ವಾರ ಎಂಬುದೂ ಈಗ ಕಲಸಿಹೋಗಿದೆ. ಒಂದನ್ನು ಮಾತ್ರ ನಾನು ಎಲ್ಲಿಂದಲೂ ತಂದು ಜೋಡಿಸಿದ್ದಲ್ಲ. ಪದ್ಮ ನನ್ನ ಕಡೆ ಒಂದು ಬ್ಯಾಗು ಚಾಚಿ, “ನೀನೇ ಮೂಸಿ ಹೇಳೇ ಸವಿ, ಚರ್ಮನಾ?” ಎಂದು ಕೇಳಿದಳು. ನಾನು “ಅಲ್ಲ” ಎಂದೆ.

ಮೊನ್ನೆ ಅರಕಲಗೂಡಿನಲ್ಲಿ ಬಸ್ಸು ತಪ್ಪಿತು. ಹನಿ ಜೋರಾಯಿತೆಂದು, ಬಸ್ ನಿಲ್ದಾಣದ ಹೊರಗೆ ಹಳೆಯ ಬ್ಯಾಗುಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದವನ ಟಾರ್ಪಾಲಿನ ಕೆಳಗೆ ನುಗ್ಗಿ ನಿಂತೆ. ನುಸಿಗುಳಿಗೆ, ತೇವ, ಯಾರೋ ಎಂದೋ ಹಚ್ಚಿಕೊಂಡಿದ್ದ ಸೆಂಟಿನ ಉಳಿಕೆ, ಅದರ ತಳದಲ್ಲಿ ಇನ್ನೊಂದು ವಾಸನೆ. ನೋಡಿದರೆ ನನ್ನ ಕೈ ನನ್ನನ್ನು ಕೇಳದೆ ಗುಡ್ಡೆಯೊಳಗೆ ಇಳಿದಿತ್ತು. “ತಗೀರಕ್ಕ, ಎಲ್ಲಾ ಫಾರಿನ್ನು,” ಎಂದ ಮಾರುವವನು. ಕೈ ಹಿಂದಕ್ಕೆ ತೆಗೆದುಕೊಂಡೆ. ಬಸ್ಸು ಬಂದಮೇಲೆ ಕೂಡ ಬೆರಳುಗಳನ್ನು ಮೂಸುತ್ತಾ ಕೂತಿದ್ದೆ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ಪದ್ಮ ಮತ್ತು ನಾನು ಆಗ ಹಾಸನದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆವು. ಅವಳು ಕಣ್ಣು ಪರೀಕ್ಷೆ ಮಾಡುವುದನ್ನು ಓದಿಕೊಂಡವಳು. ನಾನು ಹೆಸರು, ವಯಸ್ಸು, ಕಣ್ಣಿನ ನಂಬರು ಬರೆದುಕೊಳ್ಳುವವಳು. ಕೊರೋನಾ ಮುಗಿಯಿತು ಎಂದು ಎಲ್ಲರೂ ಹೇಳುತ್ತಿದ್ದರು, ಮಾಸ್ಕುಗಳು ಮಾತ್ರ ಗಲ್ಲದ ಕೆಳಗೆ ಇನ್ನೂ ನೇತಾಡುತ್ತಿದ್ದವು. ಅಷ್ಟು ದಿನ ಯಾರೂ ಕಣ್ಣು ತೋರಿಸಿಕೊಂಡಿರಲಿಲ್ಲ. ಹಾಗಾಗಿ ಮಾಲೀಕರು ಸಂತೆಯ ದಿನ ನೋಡಿಕೊಂಡು ನಮ್ಮನ್ನು ಊರೂರಿಗೆ ಕಳಿಸುತ್ತಿದ್ದರು. ಯಾವುದಾದರೂ ಸಮುದಾಯ ಭವನದ ಜಗಲಿ, ಒಂದು ಮೇಜು, ಗೋಡೆಗೆ ಅಕ್ಷರಗಳ ಹಾಳೆ. ಮಧ್ಯಾಹ್ನ ಎರಡರ ಹೊತ್ತಿಗೆ ಜನ ಕರಗುತ್ತಿದ್ದರು. ನಮ್ಮನ್ನು ಕರೆದೊಯ್ಯುವ ವ್ಯಾನು ಬರುವುದು ನಾಲ್ಕಕ್ಕೆ. ನಡುವಿನ ಎರಡು ಗಂಟೆ ನಮ್ಮದು.

ಆ ಎರಡು ಗಂಟೆ ಹಳೆಯ ಬ್ಯಾಗುಗಳ ಕಡೆ ಹೊರಳಿದ್ದು ಪದ್ಮಳ ಅಜ್ಜಿಯ ದೆಸೆಯಿಂದ. ಅವರು ಚನ್ನರಾಯಪಟ್ಟಣದ ಜೈನರು, ಮನೆಯ ಮುಂಭಾಗದಲ್ಲೇ ಪಾತ್ರೆ ಅಂಗಡಿ. ಮಳೆಗಾಲದ ಚಾತುರ್ಮಾಸ ಬಂತೆಂದರೆ ಮನೆಯಲ್ಲಿ ಪ್ರತಿಯೊಬ್ಬರೂ ಒಂದು ನೇಮ ಹಿಡಿಯಬೇಕು, ನಾಲ್ಕು ತಿಂಗಳು ಏನಾದರೊಂದನ್ನು ಬಿಡಬೇಕು. ಅಜ್ಜಿ ಆ ವರ್ಷ ಬೆಲ್ಲ ಬಿಟ್ಟಿದ್ದರು. ಚಿಕ್ಕಪ್ಪ ಕ್ರಿಕೆಟ್ ನೋಡುವುದನ್ನು ಬಿಟ್ಟು ಮೂರನೆಯ ದಿನ ಸಿಕ್ಕಿಬಿದ್ದಿದ್ದರು. ತಿಂಗಳಿಗೊಂದು ಬ್ಯಾಗು ಕೊಳ್ಳುವ ಪದ್ಮಳಿಗೆ ಅಜ್ಜಿಯೇ ನೇಮ ಆರಿಸಿದರಂತೆ.

“ನಾಕ್ ತಿಂಗ್ಳು ಒಸ ಬ್ಯಾಗು ತಗೊಳಂಗಿಲ್ಲ ಕಣೆ.”

“ಹೊಸದು ತಾನೇ ಅಜ್ಜಿ?”

“ಊಂ. ಒಸದು.”

“ಸರಿ, ಆಯ್ತು.”

ಈ ಮಾತುಕತೆ ನಡೆದಾಗ ನಾನು ಅಲ್ಲಿರಲಿಲ್ಲ. ಪದ್ಮ ಇದನ್ನು ನನಗೆ ಎಷ್ಟು ಸಲ ಅಜ್ಜಿಯ ದನಿಯಲ್ಲಿ ಆಡಿ ತೋರಿಸಿದ್ದಳೆಂದರೆ ಈಗ ಅಲ್ಲೇ ಕಂಬಕ್ಕೆ ಒರಗಿ ನಿಂತು ಕೇಳಿದಂತಿದೆ.

ಹೊಸದು ಬೇಡ ಎಂದಮೇಲೆ ಹಳೆಯದು ಉಳಿಯಿತು. ಹಳೆಯದೆಂದರೆ ಮಂಜಣ್ಣ. ಎಲ್ಲಿಂದಲೋ ಹಡಗಿನಲ್ಲಿ ಬಂದಿಳಿದ ಹಳೇ ಬಟ್ಟೆ, ಹಳೇ ಬ್ಯಾಗಿನ ಗಂಟುಗಳನ್ನು ತಂದು ಸಂತೆಯಿಂದ ಸಂತೆಗೆ ಬಿಚ್ಚುವವನು. ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ಕಿನವನ್ನು ಮುಂದೆ ಜೋಡಿಸಿ, ಮಂಕಾದವನ್ನು ತಳಕ್ಕೆ ಹಾಕುತ್ತಿದ್ದ. ಹೊಳೆನರಸೀಪುರದಲ್ಲಿ ನಾವು ಮೊದಲ ಸಲ ಅವನನ್ನು ನೋಡಿದಾಗ ಒಂದು ಬ್ಯಾಗನ್ನು ಮಡಚಿ ಅದರ ಮೇಲೆ ಕೂತಿದ್ದ. ಪದ್ಮ ಬಗ್ಗಿ ಅದರ ಅಂಚಿನ ಹೊಲಿಗೆ ನೋಡಿ ನನ್ನ ತೋಳು ಚಿವುಟಿದಳು.

“ಅಣ್ಣಾ, ಒಸಿ ಏಳ್ತೀರಾ?”

“ಯಾಕವ್ವಾ?”

“ನೀವು ಕೂತಿರೋದು ನಂಗೆ ಬೇಕು.”

ಅದು ಇಟಲಿಯದು. ಆ ಹೆಸರಿನ ಹೊಸ ಬ್ಯಾಗಿನ ಬೆಲೆಯನ್ನು ಫೋನಿನಲ್ಲಿ ನೋಡಿ ನಾವಿಬ್ಬರೂ ಸೊನ್ನೆಗಳನ್ನು ಮತ್ತೆ ಎಣಿಸಿದೆವು. ಮಂಜಣ್ಣನ ಬೆಲೆಗೆ ಒಂದೇ ಸೂತ್ರ. “ಜಿಪ್ಪು ಓಡಿದ್ರೆ ಇನ್ನೂರು, ಓಡ್ದಿದ್ರೆ ನೂರು. ಬಾಕಿದೆಲ್ಲ ನಂಗ್ ಗೊತ್ತಿಲ್ಲ ಮೇಡಮ್ಮೋರೆ.” ಊರು, ಹೆಸರು, ಹೊಲಿಗೆ, ಬಕಲ್ಲಿನ ಮೇಲಿನ ಅಚ್ಚು ಎಲ್ಲವೂ ಅವನಿಗೆ ಒಂದೇ. ಜಿಪ್ಪು ಓಡಬೇಕು.

ಪದ್ಮಳಿಗೆ ಇನ್ನೊಂದು ಕಟ್ಟುಪಾಡು ಇತ್ತು. ಅವರ ಮನೆಯಲ್ಲಿ ಚರ್ಮ ಇಲ್ಲ. ಬೆಲ್ಟಿಲ್ಲ, ಪರ್ಸಿಲ್ಲ, ಚಪ್ಪಲಿಯೂ ರಬ್ಬರಿನದು. ಹುಟ್ಟಿದಾಗಿನಿಂದ ಚರ್ಮವನ್ನು ದೂರ ಇಟ್ಟು ದೂರ ಇಟ್ಟು, ಅದನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ತರಕಾರಿಯ ಪ್ಲಾಸ್ಟಿಕ್ ಕವರನ್ನು ಎಡಗೈಗೆ ತೊಟ್ಟು ಬ್ಯಾಗನ್ನು ಎತ್ತಿ, ಬಾಯಿ ತೆರೆದು, ಕಣ್ಣು ಮುಚ್ಚಿ, ಒಂದು ಸಲ ಮೂಸುತ್ತಿದ್ದಳು. “ಅಸಲಿ. ನಿಂಗೆ.” ಇಲ್ಲವೇ, “ನಕಲಿ. ನಂಗೆ.” ದೊಡ್ಡ ಹೆಸರಿನವರು ಬಟ್ಟೆಯಲ್ಲೂ ನೈಲಾನಿನಲ್ಲೂ ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಆದರೂ ನಮ್ಮಿಬ್ಬರ ನಡುವೆ ಎರಡೇ ಪದ. ಚರ್ಮವಾದರೆ ಅಸಲಿ, ಅಲ್ಲದಿದ್ದರೆ ನಕಲಿ.

“ಏನವ್ವಾ, ಅಲಸ್ನಣ್ಣು ತಗೊಳ್ಳೋರಂಗೆ ಮೂಸ್ತೀಯಾ?” ಎಂದು ಮಂಜಣ್ಣ ನಗುತ್ತಿದ್ದ.

“ಹಲಸಿನ ಹಣ್ಣಾಗಿದ್ರೆ ತಿಂತಿದ್ದೆ ಮಂಜಣ್ಣ. ಇದನ್ನ ಏನು ಮಾಡ್ಲಿ?”

ಶ್ರಾವಣ ಮುಗಿಯುವ ಹೊತ್ತಿಗೆ ನನ್ನ ಹತ್ತಿರ ಐದು ಅಸಲಿ ಬ್ಯಾಗುಗಳಿದ್ದವು, ಅವಳ ಹತ್ತಿರ ಎರಡು ನಕಲಿ. ಶಾಂತಿಗ್ರಾಮದ ನಮ್ಮ ಮನೆಯಲ್ಲಿ ಅಮ್ಮ ಒಂದನ್ನು ಹೆಗಲಿಗೆ ತಗಲಿಸಿಕೊಂಡು ಡೈರಿಗೆ ಹಾಲು ಹಾಕಲು ಹೋಗುತ್ತಿದ್ದರು. ಡೈರಿಯವನು “ಏನಮ್ಮೋ, ಅಂಗೇ ಲಂಡನ್ನಿಗೆ ಓಯ್ತೀರಾ?” ಎಂದು ಕೇಳಿದ್ದು ಊರಿನಲ್ಲೆಲ್ಲ ಹರಡಿತ್ತು. ನನಗೆ ಬ್ಯಾಗಿನ ಹುಚ್ಚು ಅಷ್ಟಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹುಚ್ಚು ಅವಳದು, ಬ್ಯಾಗು ನನ್ನದು. ನನಗೆ ಸಿಕ್ಕಿದ್ದಕ್ಕೆ ಬಾದಾಮಿ ಎಣ್ಣೆ ಹಚ್ಚು, ಬಿಸಿಲಿಗಿಡಬೇಡ, ಒಳಗೆ ಪೇಪರ್ ತುಂಬಿಡು ಎಂದು ಹೇಳಿಕೊಡುತ್ತಿದ್ದವಳು ಅವಳೇ. ವ್ಯಾನಿನ ಕಡೆ ನಡೆಯುವಾಗ, “ನೀನು ಮುಂದೆ ನಡಿಯೇ, ನೋಡ್ತೀನಿ,” ಎನ್ನುತ್ತಿದ್ದಳು. ನಾನು ಮುಂದೆ. ನನ್ನ ಹೆಗಲಿನಲ್ಲಿ ತೂಗುವ ಬ್ಯಾಗನ್ನು ನೋಡುತ್ತಾ ಅವಳು ಹಿಂದೆ. ಒಮ್ಮೆ ತಿರುಗಿ ನೋಡಿದೆ. ಅವಳ ಬಲಗೈ ಗಾಳಿಯಲ್ಲಿ, ಇಲ್ಲದ ಒಂದು ಪಟ್ಟಿಯನ್ನು ಹಿಡಿದುಕೊಂಡಂತೆ, ಹೆಗಲ ಮೇಲಿತ್ತು. ಇದನ್ನು ನಾನು ಕಂಡಿದ್ದೇನೆಯೇ, ಅಥವಾ ಆಮೇಲೆ ಹೇಳಿದ ಸುಳ್ಳಿಗೆ ಕಾರಣ ಬೇಕೆಂದು ಹೆಣೆದುಕೊಂಡಿದ್ದೇನೆಯೇ? ಕಂಡಿದ್ದೇನೆ ಎಂದೇ ಅನಿಸುತ್ತದೆ.

ಆಮೇಲೆ ಅವಳಿಗೆ ಜ್ವರ ಬಂತು. ಹತ್ತು ದಿನ ಬರಲಿಲ್ಲ. ಜ್ವರ ಹೋದರೂ ಮೂಗು ಬರಲಿಲ್ಲ. “ಕಾಫಿ ಕುಡಿದ್ರೆ ಬಿಸಿನೀರು ಕುಡಿದಂಗೆ ಕಣೆ. ಪುಡಿ ಡಬ್ಬಿಗೆ ಮೂಗಿಟ್ಟು ಕೂತಿದ್ದೆ ಬೆಳಗ್ಗೆ. ಏನೂ ಇಲ್ಲ,” ಎಂದಳು ಫೋನಿನಲ್ಲಿ. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಅವಳು ಕೆಲಸಕ್ಕೆ ಮರಳಿದ ಮೊದಲ ಸಂತೆ ಕೊಣನೂರಿನದು. ಮಂಜಣ್ಣ ಹೊಸ ಗಂಟು ಬಿಚ್ಚಿದ್ದ. ಅದರಿಂದ ಜಾರಿ ಬಿದ್ದದ್ದು ಹುಣಸೆ ಬೀಜದ ಬಣ್ಣದ ಒಂದು ಬ್ಯಾಗು. ಅಷ್ಟೇನೂ ದೊಡ್ಡದಲ್ಲ. ಎಲ್ಲೂ ಹೆಸರಿಲ್ಲ. ಹೆಸರಿನ ಪಟ್ಟಿಯನ್ನು ಯಾರೋ ಕತ್ತರಿಯಿಂದ ಬಿಡಿಸಿ ತೆಗೆದಿದ್ದರು, ದಾರದ ತೂತುಗಳಷ್ಟೇ ಉಳಿದಿದ್ದವು. ಜಿಪ್ಪು ಅರ್ಧಕ್ಕೆ ನಿಂತಿತ್ತು. ಪದ್ಮ ಅದನ್ನು ಎತ್ತಿಕೊಂಡಾಗ ಅವಳ ಕೈಗೆ ಕವರಿರಲಿಲ್ಲ. ಮರೆತಳೋ, ಮರೆಯಬೇಕೆನಿಸಿತೋ. ಬಾಯಿ ತೆರೆದು, ಕಣ್ಣು ಮುಚ್ಚಿ, ಮೂಸಿದಳು. ಮತ್ತೆ ಮೂಸಿದಳು. ಆಮೇಲೆ ಮೂಗು ಸತ್ತಿದೆಯೆಂದು ಮಂಜಣ್ಣನಿಗೆ ಹೇಳಿ, ನನ್ನ ಕಡೆ ಚಾಚಿದಳು.

ನಾನು ಮೂಸಿದೆ. ನುಸಿಗುಳಿಗೆ, ತೇವ, ಸೆಂಟು. ತಳದಲ್ಲಿ ಆ ಇನ್ನೊಂದು ವಾಸನೆ.

“ಅಲ್ಲ,” ಎಂದೆ. “ರೆಕ್ಸಿನ್ನು.”

“ನಿಜ ಹೇಳೇ.”

“ರೆಕ್ಸಿನ್ನೇ ಕಣೆ.”

“ಅನುಮಾನ ಯಾಕೆ ಇಟ್ಕೋತೀರಿ,” ಎಂದ ಮಂಜಣ್ಣ, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು. “ಅಂಚಿಗೊಂದು ಕಡ್ಡಿ ತೋರ್ಸ್‌ತೀನಿ. ರೆಕ್ಸಿನ್ನಾದ್ರೆ ಕರಗ್ತದೆ, ತೊಗಲಾದ್ರೆ ಕೂದ್ಲು ಸುಟ್ಟ ವಾಸ್ನೆ ಬತ್ತದೆ. ಮೇಡಮ್ಮೋರ್ ಮೂಗು ಸತ್ರೇನು, ನಂದಿಲ್ವಾ?”

ಕಡ್ಡಿ ಗೀರಿಯೂ ಬಿಟ್ಟ. ಪದ್ಮ ಬ್ಯಾಗನ್ನು ಎದೆಗೆಳೆದುಕೊಂಡಳು.

“ಬೇಡ ಮಂಜಣ್ಣ, ಸುಡಬೇಡಿ. ಸವಿ ಹೇಳಿದ್ಲಲ್ಲ, ಸಾಕು.”

ಮಂಜಣ್ಣ ಜಿಪ್ಪಿಗೆ ಮೇಣದ ಚೂರು ಉಜ್ಜಿ ಎಳೆದ. ಅದು ಓಡಿತು. “ಇನ್ನೂರಾಯ್ತು ನೋಡಿ,” ಎಂದು ಹಲ್ಲು ಕಿರಿದ.

ಯಾಕೆ ಹೇಳಿದೆ? ಕಣ್ಣು ಪರೀಕ್ಷೆಯಲ್ಲಿ ಪದ್ಮ ಜನರ ಮೂಗಿನ ಮೇಲೆ ಒಂದು ಭಾರದ ಚೌಕಟ್ಟು ಕೂರಿಸಿ, ಅದರಲ್ಲಿ ಗಾಜುಗಳನ್ನು ಬದಲಿಸುತ್ತಾ, “ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಇದ್ರಲ್ಲಾ?” ಎಂದು ಕೇಳುತ್ತಾಳೆ. ನಾನೂ ಹಾಗೆ ಬದಲಿಸಿ ನೋಡಿದ್ದೇನೆ. ಒಂದರಲ್ಲಿ, ಅವಳ ಹೆಗಲಿಗೊಂದು ಅಸಲಿ ಬ್ಯಾಗು ಬೀಳಲಿ ಎಂಬ ಪ್ರೀತಿ. ಇನ್ನೊಂದರಲ್ಲಿ, ಐದು ಬ್ಯಾಗು ನನಗಿಟ್ಟುಕೊಂಡ ಸಂಕೋಚವನ್ನು ಅವಳ ಮೇಲೆ ಹೊರಿಸಿ ಹಗುರಾಗುವ ಆತುರ. ಮತ್ತೊಂದರಲ್ಲಿ ಬರೀ ಅಹಂಕಾರ, ಅವರ ಮನೆಯ ಕಟ್ಟುಪಾಡು ಎಷ್ಟರದ್ದು ಎಂದು. ಯಾವುದರಲ್ಲೂ ಅಕ್ಷರ ತಿಳಿಯಾಗುವುದಿಲ್ಲ. ಸಾಮಾನ್ಯವಾಗಿ ಜನ ಇಂಥ ಹೊತ್ತಿನಲ್ಲಿ “ಎರಡೂ ಒಂದೇ ಥರ ಕಾಣುತ್ತೆ ಮೇಡಂ” ಎಂದುಬಿಡುತ್ತಾರೆ.

ಪದ್ಮ ಆ ಬ್ಯಾಗನ್ನು ಎರಡು ತಿಂಗಳು ಕೆಳಗಿಡಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಎರಡೂ ಕೈ ಜೋಡಿಸಿ ಕೂರುತ್ತಿದ್ದಳು. ಈಗ ಮುಂದೆ ನಡೆಯುವವಳು ಅವಳು, ಹಿಂದೆ ನಡೆಯುವವಳು ನಾನು. “ಇದು ರೆಕ್ಸಿನ್ ಅಂದ್ರೆ ಯಾರೂ ನಂಬಲ್ಲ ಕಣೆ,” ಎನ್ನುತ್ತಿದ್ದಳು. ನಾಳೆ ಹೇಳುತ್ತೇನೆ, ಮುಂದಿನ ಸಂತೆಗೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಬಾಗೂರಿನ ಜಗಲಿಯಲ್ಲಿ ಒಮ್ಮೆ ಬಾಯಿ ತೆರೆದೂ ಇದ್ದೆ, ಅಷ್ಟರಲ್ಲಿ ಒಬ್ಬ ಅಜ್ಜ ಅಕ್ಷರದ ಹಾಳೆಗೆ ಬೆನ್ನು ತಿರುಗಿಸಿ ಕೂತು, “ಎಲ್ಲೈತವ್ವಾ ನಿನ್ ಅಕ್ಸರ?” ಎಂದು ಕೂಗಿದ. ಅವಳು ನಗುತ್ತಾ ಎದ್ದು ಹೋದಳು.

ಚಾತುರ್ಮಾಸ ಮುಗಿಯಲು ಒಂದೋ ಎರಡೋ ವಾರ ಇದ್ದಾಗ ಚನ್ನರಾಯಪಟ್ಟಣದ ಸರದಿ ಬಂತು. ಕೆಲಸ ಮುಗಿಸಿ ಪದ್ಮಳ ಮನೆಗೆ ಹೋದೆವು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕೆಂದು ಅಜ್ಜಿ ನಮ್ಮನ್ನು ಎಲೆಯ ಮುಂದೆ ದಬ್ಬಿದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನೇಮ ಮುಗಿಯದೆ ಆಪರೇಷನ್ ಬೇಡವೆಂದು ಹಟ. ಊಟವಾದ ಮೇಲೆ ಪದ್ಮ ಅವರನ್ನು ಅಂಗಡಿಯ ಬೆಳಕಿಗೆ ಕೂರಿಸಿ ಚೌಕಟ್ಟು ಹಾಕಿದಳು.

“ಇದ್ರಲ್ಲಿ ಚೆನ್ನಾಗಿ ಕಾಣುತ್ತಾ ಅಜ್ಜಿ, ಇದ್ರಲ್ಲಾ?”

“ಎಲ್ಡ್ರಲ್ಲೂ ನೀನೇ ಕಾಣ್ತೀಯ. ಬುಡೆ ಸಾಕು.”

ಚೌಕಟ್ಟು ತೆಗೆಯುವಾಗ ಅಜ್ಜಿಯ ಕೈ ಪಕ್ಕದಲ್ಲಿದ್ದ ಬ್ಯಾಗಿಗೆ ತಗಲಿತು. ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅಂಗೈಯಿಂದ ಮೇಲಿಂದ ಕೆಳಕ್ಕೆ ಒಂದು ಸಲ ನೀವಿದರು.

“ಇದೇನೇ, ಕರುವಿನ ಮೈ ಸವರ್‌ದಂಗೈತೆ!”

ನನ್ನ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಒಸದಾ?”

“ಹಳೇದು ಅಜ್ಜಿ. ಸಂತೇದು.”

“ಅಂಗಾರೆ ನೇಮ ಕೆಟ್ಟಿಲ್ಲ.” ಅಜ್ಜಿ ಇನ್ನೊಂದು ಸಲ ನೀವಿದರು. “ತೊಗಲಲ್ವಲ್ಲ?”

ಪದ್ಮ ಚೌಕಟ್ಟಿನ ಗಾಜುಗಳನ್ನು ಒಂದೊಂದೇ ಡಬ್ಬಿಗೆ ಸೇರಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಸವಿ ನೋಡಿದಾಳೆ ಅಜ್ಜಿ,” ಎಂದಳು. ‘ಅಲ್ಲ’ ಎನ್ನಲಿಲ್ಲ. ಆಗ ಇದು ನನ್ನ ಗಮನಕ್ಕೆ ಬಂದಿತ್ತೇ, ಈಗ ಬರುತ್ತಿದೆಯೇ?

“ಏನ್ ಮಗಾ?” ಅಜ್ಜಿ ನನ್ನ ಕಡೆ ಮುಖ ಮಾಡಿದರು.

ನಾನು ತಲೆಯಾಡಿಸಿದೆ. ಪೊರೆ ಕವಿದ ಆ ಕಣ್ಣುಗಳಿಗೆ ನಾನು ತಲೆಯನ್ನು ಯಾವ ಕಡೆ ಆಡಿಸಿದೆನೆಂದು ಕಂಡಿರಲಾರದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಾಯಿ ಬಿಡಲಿಲ್ಲ.

“ಅಂಗಾದ್ರೆ ಇದು ನಂಗಿರ್ಲಿ ಕಣೆ ಪದ್ಮಾ. ಬಸದಿಗೆ ಓಗುವಾಗ ಜಪದ ಮಣಿ ಆಕ್ಕೋತೀನಿ. ಆ ಬಟ್ಟೆ ಚೀಲ ಮಳೇಲಿ ನೆಂದ್ರೆ ಮಣಿಯೆಲ್ಲ ಒದ್ದೆ.”

ಪದ್ಮ ತನ್ನ ಸಾಮಾನನ್ನು ಬ್ಯಾಗಿನಿಂದ ಒಂದೊಂದಾಗಿ ತೆಗೆದಳು. ಬಾಚಣಿಗೆ, ಚಾರ್ಜರು, ಮಾತ್ರೆ ಹಾಳೆ, ಬಸ್ ಟಿಕೆಟ್ಟುಗಳು. ಬೇಕೆಂದೇ ನಿಧಾನ ಮಾಡಿದಳೆನ್ನುವುದು ನನ್ನ ಊಹೆ. ಆಗಲೂ ನಾನು ಹೇಳಬಹುದಿತ್ತು. ಒಂದು ವಾಕ್ಯ. ಅಜ್ಜಿ ನಕ್ಕು ಬ್ಯಾಗನ್ನು ಹಿಂದಕ್ಕೆ ಕೊಡುತ್ತಿದ್ದರೋ, ಅಥವಾ ಎರಡು ತಿಂಗಳು ಅದನ್ನು ಹೊತ್ತು ತಿರುಗಿದ ಮೊಮ್ಮಗಳ ಮುಖ ನೋಡುತ್ತಿದ್ದರೋ. ಆ ಮುಖವನ್ನು ನಾನು ನೋಡಲಾರೆನೆಂದು ಗೋಡೆಗೆ ತೂಗುಹಾಕಿದ್ದ ತಾಮ್ರದ ಕೊಳಗಗಳನ್ನು ನೋಡಿದೆ.

ಹೊರಗೆ ಹಾಸನದ ಬಸ್ಸಿಗೆ ನಡೆಯುವಾಗ ಪದ್ಮಳ ಕೈಯಲ್ಲಿ ಅವಳ ಸಾಮಾನು ತುಂಬಿದ ತರಕಾರಿ ಕವರು ತೂಗುತ್ತಿತ್ತು.

“ಪದ್ಮಾ, ಆ ಬ್ಯಾಗು...”

“ಅಜ್ಜಿಗೆ ಕೊಟ್ಟಾಯ್ತಲ್ಲ, ಬಿಡೆ.”

ಇಪ್ಪತ್ತು ಹೆಜ್ಜೆ ಹೋಗಿರಬೇಕು. ರಸ್ತೆಯ ತಿರುವಿನಲ್ಲಿ ಕಾಫಿ ಪುಡಿ ಅಂಗಡಿ. ಪದ್ಮ ನಡಿಗೆ ನಿಧಾನ ಮಾಡಿದಳು. “ಎಷ್ಟು ಚೆನ್ನಾಗಿ ಹುರೀತಿದಾರೆ ನೋಡು,” ಎಂದಳು.

ಅಂದರೆ ಮೂಗು ಬಂದಿತ್ತು. ಅಥವಾ ಹುರಿಯುವ ಯಂತ್ರದ ಸದ್ದು ಕೇಳಿ ಹಾಗೆಂದಳು. ಬಾಗಿಲಲ್ಲಿ ಹೊಗೆಯೂ ಕಾಣುತ್ತಿತ್ತು ಎಂದು ನೆನಪು. ಮೂಗು ಯಾವಾಗ ಬಂತೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಉತ್ತರ ನೆನಪಿರುತ್ತಿತ್ತು.

ಆ ಮಳೆಗಾಲದ ನಂತರ ಸಂತೆಗೆ ಹೋಗುವ ಕೆಲಸ ನಿಂತಿತು. ನೇಮ ಮುಗಿದಿತ್ತು, ಪದ್ಮ ಅಂಗಡಿಯಿಂದ ಬಟ್ಟೆಯ ಹೊಸ ಬ್ಯಾಗೊಂದನ್ನು ತಂದಳು. ನನಗೆ ಮುಂದೆ ನಡೆ ಎಂದು ಮತ್ತೆ ಯಾವತ್ತೂ ಹೇಳಲಿಲ್ಲ. ಬೇಸರದಿಂದಲ್ಲ. ಮಾತಿಗೆ, ಊಟಕ್ಕೆ, ನಗೆಗೆ ಏನೂ ಕಡಿಮೆಯಾಗಲಿಲ್ಲ. ಅವಳೀಗ ಹೊಳೆನರಸೀಪುರದಲ್ಲಿ ಸ್ವಂತ ಕನ್ನಡಕದ ಅಂಗಡಿ ಇಟ್ಟಿದ್ದಾಳೆ. ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಅಜ್ಜಿಯ ಕಣ್ಣಿನ ಆಪರೇಷನ್ ಆಯಿತು, ಚೆನ್ನಾಗಿ ಕಾಣತೊಡಗಿತು. ಆ ಚೆನ್ನಾದ ಕಣ್ಣಿಗೆ ಬ್ಯಾಗು ಹೇಗೆ ಕಂಡಿತೋ. ಅದನ್ನು ತಗಲಿಸಿಕೊಂಡು ಅವರು ಬಸದಿಗೆ ಹೋದದ್ದನ್ನು ನಾನು ನೋಡಿಲ್ಲ.

ಹೋದ ವರ್ಷ ಅಜ್ಜಿ ತೀರಿಕೊಂಡರು. ಹತ್ತು ಹನ್ನೆರಡು ದಿನ ಬಿಟ್ಟು ಹೋಗಿದ್ದೆ. ಕೋಣೆಯ ಮೊಳೆಯಲ್ಲಿ ಅದು ನೇತಾಡುತ್ತಿತ್ತು, ಹುಣಸೆ ಬೀಜದ ಬಣ್ಣ ಇನ್ನೂ ಹಾಗೇ. ಪದ್ಮ ಇಳಿಸಿ ಜಿಪ್ಪು ಎಳೆದಳು. ಒಳಗೆ ಒಂದು ಪ್ಲಾಸ್ಟಿಕ್ ಕವರು, ತರಕಾರಿಯದು, ಎರಡು ಸುತ್ತು ಸುತ್ತಿ ಬಾಯಿ ಕಟ್ಟಿತ್ತು. ಗಂಟು ಬಿಚ್ಚಿದಳು. ಕವರಿನೊಳಗೆ ಜಪದ ಮಣಿ. ಮಣಿಯನ್ನು ಕಣ್ಣಿಗೊತ್ತಿಕೊಂಡು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು. ಕವರನ್ನು ಮಡಚಿ ಬ್ಯಾಗಿನೊಳಗೇ ಹಾಕಿ, ಜಿಪ್ಪು ಎಳೆದು, ಬ್ಯಾಗನ್ನು ನನ್ನ ಮಡಿಲಿಗಿಟ್ಟಳು.

“ನಿಂಗೆ,” ಎಂದಳು. ಅಷ್ಟೇ.

ಕತೆ ಇಲ್ಲಿಗೆ ಬಂದು ತಾನಾಗಿಯೇ ಗಂಟು ಹಾಕಿಕೊಳ್ಳಲು ನೋಡುತ್ತದೆ: ಮಣಿಗೆ ತೊಗಲು ತಾಗದಿರಲೆಂದು ಕವರು, ಅಸಲಿಯಾದ್ದರಿಂದ ನನಗೆ. ಅಷ್ಟಕ್ಕೇ ನನಗೆ ಅನುಮಾನ. ಮಳೆಗಾಲದಲ್ಲಿ ನಮ್ಮ ಕಡೆ ಯಾರು ಯಾವುದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದಿಲ್ಲ? ರೇಷನ್ ಕಾರ್ಡು, ಮಾತ್ರೆ, ಮೊಬೈಲು ಎಲ್ಲ ಕವರಿನಲ್ಲೇ. ಮಣಿ ನೆನೆಯಬಾರದೆಂದು ಅಜ್ಜಿ ಮೊದಲೇ ಹೇಳಿದ್ದರು. ಸ್ನೇಹಿತೆಗೆ ಒಂದು ನೆನಪು ಇರಲಿ ಎಂದು ಕೊಡುವಾಗಲೂ “ನಿಂಗೆ” ಎಂದೇ ಹೇಳುತ್ತಾರೆ. ಬೇರೆ ಏನೆಂದು ಹೇಳಬೇಕು?

ಬ್ಯಾಗು ನನ್ನ ಕೋಣೆಯ ಬಾಗಿಲ ಹಿಂದೆ ಇದೆ. ಅಮ್ಮ ಕೇಳಿದರೂ ಕೊಟ್ಟಿಲ್ಲ. ಒಂದು ಮೂಲೆಗೆ ಕಡ್ಡಿ ಗೀರಿ ತೋರಿಸಿದರೆ ಅಂದು ನನ್ನ ಮೂಗು ಹೇಳಿದಂತೆ ಅದು ಚರ್ಮವೇ ಹೌದೋ ಎಂಬುದಾದರೂ ತಿಳಿಯುತ್ತದೆ. ಮೊನ್ನೆ ಅರಕಲಗೂಡಿನಿಂದ ಬಂದವಳೇ ಬೆಂಕಿಪೊಟ್ಟಣ ಹಿಡಿದು ಅದರ ಮುಂದೆ ನಿಂತಿದ್ದೆ. ಸುಡಬೇಡಿ ಎಂದು ಪದ್ಮ ಅಂದಿದ್ದಳಲ್ಲ, ಸುಡಲಿಲ್ಲ. ಆ ಕವರನ್ನು ಸುತ್ತಿದ್ದು ಅಜ್ಜಿಯೋ ಪದ್ಮಳೋ, ಬ್ಯಾಗನ್ನು ಅಜ್ಜಿಯ ಕೈಗೆ ಕೊಡುವ ಹೊತ್ತಿಗೆ ಅವಳ ಮೂಗು ಮರಳಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಪದ್ಮಳ ಫೋನು ಪ್ರತಿ ಭಾನುವಾರ ಬರುತ್ತದೆ. ನಾನು ಇನ್ನೂ ಕೇಳಿಲ್ಲ.